ಗಾಳೆವ್ವನ ಹೊಂಬಣ್ಣದ ಎಳೆಗಳು

ರೋಣದ ನಮ್ಮ ಓಣಿಯಲ್ಲಿ, ಬಿಸಿಲಿರಲಿ ಗಾಳಿಯಿರಲಿ, ತಲೆಯ ಮೇಲೆ ಸೆರಗೆಳೆದುಕೊಳ್ಳದೆ ನಡೆಯುವ ವಿಧವೆಯೆಂದರೆ ರೊಟ್ಟಿ ಮಾರುವ ಗಾಳೆವ್ವ ಒಬ್ಬಳೇ. ಅದೂ ಸಾಲದೆಂಬಂತೆ ನಲವತ್ತಾರರ ಆ ತಲೆಯಲ್ಲಿ, ಹಣೆಯಿಂದ ತುರುಬಿನವರೆಗೆ, ಕರಿಗೂದಲ ನಡುನಡುವೆ ಹೊಂಬಣ್ಣದ ಹತ್ತು ಹನ್ನೆರಡು ಪಟ್ಟಿಗಳು. ತೀರಿಹೋದ ಗಂಡ ಹೇಮಪ್ಪನ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ರೊಟ್ಟಿಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ದಿನವಿಡೀ ಒಲೆಯ ಮುಂದೆ ಕೂತು ಜಡ್ಡುಗಟ್ಟಿದ ಎಡಗಾಲನ್ನು ಕೊಂಚ ಎಳೆಯುತ್ತ ಅವಳು ಬಂದರೆ, ಕಟ್ಟೆಯ ಮೇಲಿನ ಮಾತು ಥಟ್ಟನೆ ನಿಲ್ಲುತ್ತಿತ್ತು; ಅವಳು ದಾಟಿಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು, ಅವಳ ಬಗ್ಗೆಯೇ. ಯಾವ ಮಾತಿಗೂ ಕೊನೆಯಲ್ಲಿ "ಆತಲ್ಲ" ಎಂದು ಸೇರಿಸಿ ಅದನ್ನು ಅಲ್ಲಿಗೇ ಮುಗಿಸಿಬಿಡುವುದು ಅವಳ ರೂಢಿ.

ನಾನು ಅವಳ ಪಕ್ಕದ ಮನೆಯವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದರೂ ಕಂಡಕಂಡದ್ದಕ್ಕೆ ಅಂಕ ಹಾಕುವ ಚಟ ಬಿಡದವಳು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅವಳ ಹಿತ್ತಿಲಲ್ಲಿ ನಡೆಯುವ ಸಂಭ್ರಮವನ್ನು ನಮ್ಮ ಮಾಳಿಗೆಯಿಂದ ಎಷ್ಟೋ ಸಲ ನೋಡಿದ್ದೇನೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಕನ್ನಡಿ, ವಾಟಗದಲ್ಲಿ ಕಲಸಿದ ಬಣ್ಣ ತೆಗೆಯುವ ಪುಡಿ, ಹಳೆಯ ಹಲ್ಲುಜ್ಜುವ ಬ್ರಶ್ಶು, ರೊಟ್ಟಿ ಪಾರ್ಸಲ್ಲಿಗೆಂದು ತಂದ ಬೆಳ್ಳಿಹಾಳೆಯ ಚೂರುಗಳು. ಗೋಣಿಚೀಲ ಹೊಲಿಯುವ ದಬ್ಬಣದಿಂದ ಒಂದು ಎಳೆ ಬಿಟ್ಟು ಒಂದು ಎಳೆ ಎತ್ತಿ, ಪುಡಿ ಸವರಿ, ಹಾಳೆಯಲ್ಲಿ ಮಡಿಚಿ, ತಲೆಯ ತುಂಬ ಬೆಳ್ಳಿಯ ಪೊಟ್ಟಣಗಳನ್ನು ತೂಗುಬಿಟ್ಟುಕೊಂಡು ಅವಳು ಮುಕ್ಕಾಲು ಗಂಟೆ ಅಲುಗದೆ ಕೂರುತ್ತಿದ್ದಳು. ಅದೆಲ್ಲವನ್ನೂ ಫೋನಿನ ವಿಡಿಯೋ ನೋಡಿ ಕಲಿತದ್ದು.

"ಈ ವಯಸ್ಸಿನಾಗ ಇದು ನಿನಗ ಬೇಕಾಗಿತ್ತೇನ ಗಾಳೆವ್ವ?" ಎಂದು ಒಮ್ಮೆ ಎಲ್ಲರೆದುರು ಕೇಳಿದ್ದೆ. ಹೆಂಗಸರು ನಕ್ಕಿದ್ದರು, ನಾನೂ ನಕ್ಕಿದ್ದೆ.

"ಬೇಕಾಗಿತ್ರಿ ಅಕ್ಕೋರ. ಆತಲ್ಲ," ಎಂದು ರೊಟ್ಟಿ ಎಣಿಸಿಕೊಟ್ಟು ಹೋಗಿದ್ದಳು. ಆ ನಗೆಯನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎರಡು ವರ್ಷದ ಹಿಂದೆ ರೊಟ್ಟಿ ಸುಡುವ ಹಂಚಿನ ಕಾವು ತಗುಲಿ ಅವಳ ಬಲಗೈ ಬೊಬ್ಬೆಯೆದ್ದಿತ್ತು. ಆ ಭಾನುವಾರ ನಮ್ಮ ಬಾಗಿಲಿಗೆ ಬಂದು, ದಬ್ಬಣವನ್ನು ನನ್ನ ಕೈಗೆ ಕೊಟ್ಟು, "ಹಿಂದಿನ ಬಾಜೂಕ ಸ್ವಲ್ಪ ಹಚ್ಚಿ ಕೊಡ್ರಿ. ಕಂಡದ್ದನ್ನ ಯಾರ ಮುಂದೂ ಆಡಬ್ಯಾಡ್ರಿ," ಎಂದಳು. ತುರುಬು ಬಿಚ್ಚಿದಾಗ ಕಂಡೆ: ಎಡಗಿವಿಯ ಹಿಂದೆ, ಅರ್ಧ ಅಂಗೈಯಗಲ, ಚರ್ಮವೇ ಹಾಲಿನಂತೆ ಬಿಳಿದಾಗಿತ್ತು. ಅಲ್ಲಿಂದ ಹುಟ್ಟಿದ ಕೂದಲೂ ಬುಡದಿಂದಲೇ ಬಿಳಿ. ಅಷ್ಟಕ್ಕೆ ಮಾತ್ರ ಅವಳು ಚಹಾದ ಡಿಕಾಕ್ಷನ್ ಸವರಿ ಉಳಿದ ಪಟ್ಟಿಗಳ ಬಣ್ಣಕ್ಕೆ ಹೊಂದಿಸುತ್ತಿದ್ದಳು. ಆ ಒಂದು ಬಿಳುಪನ್ನು ಗುಂಪಿನಲ್ಲಿ ಕಳೆದುಬಿಡಲಿಕ್ಕೆಂದೇ ಉಳಿದ ಹನ್ನೊಂದು ಪಟ್ಟಿಗಳು ಹುಟ್ಟಿದ್ದವು.

ಚಿಕ್ಕನರಗುಂದದ ಅವಳ ತಾಯಿಗೂ ತೊನ್ನು ಇತ್ತಂತೆ. ಗಂಡನ ಮನೆಯವರು ತವರಿಗೆ ಅಟ್ಟಿದ ಮೇಲೆ ಆಕೆಯ ಕೈಯಿಂದ ಯಾರೂ ನೀರು ಕುಡಿಯಲಿಲ್ಲ. "ನಮ್ಮವ್ವ ಸಾಯೂತನಾ ಸೆರಗಿಲೆ ಮುಚಗೊಂಡ್ಳ್ರಿ. ಮುಚಗೊಂಡದ್ದಕ್ಕನ ಎಲ್ಲಾರೂ ಎತ್ತಿ ನೋಡಿದ್ರು," ಎಂದಳು ಗಾಳೆವ್ವ. ಅವಳಿಗೆ ಅದು ಕಾಣಿಸಿಕೊಂಡಾಗ ಮದರಂಗಿ ಹಚ್ಚಿ ನೋಡಿದಳು. ಅಷ್ಟೇ ಜಾಗ ಕೆಂಪಾಗಿ ಇನ್ನಷ್ಟು ಎದ್ದು ಕಂಡಿತು. ಕಪ್ಪು ಬಣ್ಣ ಹಚ್ಚಿದಳು; ನೆತ್ತಿ ಬಾತು, ಕಣ್ಣು ಮುಚ್ಚಿಹೋಗಿ, ದವಾಖಾನೆಯ ಡಾಕ್ಟರು ಇನ್ನು ಅದರ ತಂಟೆಗೇ ಹೋಗಬೇಡ ಎಂದು ಗದರಿಸಿ ಕಳಿಸಿದರು. ಬಣ್ಣ ತೆಗೆಯುವ ಪುಡಿಯೊಂದೇ ಅವಳ ಮೈಗೆ ಒಗ್ಗಿದ್ದು. ಹೇಮಪ್ಪನಿಗೆ ಎಲ್ಲವೂ ಗೊತ್ತಿತ್ತು, ಆ ಪುಣ್ಯಾತ್ಮ ತುಟಿ ಬಿಚ್ಚಲಿಲ್ಲ. ನರಗುಂದದ ಹಾಸ್ಟೆಲಿನಲ್ಲಿ ಓದುತ್ತಿದ್ದ ಒಬ್ಬಳೇ ಮಗಳು ಗೌತಮಿಗೆ ಮಾತ್ರ ಗೊತ್ತಿರಲಿಲ್ಲ, ಗೊತ್ತಾಗಲೂಬಾರದಿತ್ತು.

"ಅದು ಅಂಟೂದಲ್ಲ ಗಾಳೆವ್ವ. ಬರೀ ಚರ್ಮದ ಬಣ್ಣ ಹೋಗೂದು," ಎಂದೆ, ಮೇಷ್ಟರಿಕೆಯ ದನಿಯಲ್ಲಿ.

"ಸಾಲ್ಯಾಗ ಕಲಿಸಿದ್ರಿ, ಖರೇ. ಬೀಗರ ಮನಿಗೆ ಹೋಗಿ ಕಲಿಸ್ತೀರೇನು?" ಎಂದಳು. ಬೆಳ್ಳಿಹಾಳೆಯ ಇನ್ನೊಂದು ಚೂರನ್ನು ನನ್ನ ಕೈಗಿಟ್ಟಳು. "ನಡತಿಗೆಟ್ಟಾಕಿ ಅಂದ್ರ ಅದು ನನ್ನ ಮೈಮ್ಯಾಲಷ್ಟ ಇರತೈತ್ರಿ. ತೊನ್ನಿನಾಕಿ ಅಂದ್ರ ಗೌತಮಿ ಮೈಮ್ಯಾಲೂ ಬರತೈತಿ. ಅದಕ್ಕ ಹಿಂಗ. ಆತಲ್ಲ."

ಗೌತಮಿಯನ್ನು ಅಬ್ಬಿಗೇರಿಯ ಉಮೇಶ ಒಪ್ಪಿದ. ಗೊಬ್ಬರದಂಗಡಿಯ ಹುಡುಗ, ಚಲೋ ಮನೆತನ. ಮಾತುಕತೆಯೆಲ್ಲ ಮುಗಿದು ಎದ್ದುಹೋಗುವಾಗ ಹುಡುಗನ ತಾಯಿ ಒಂದೇ ಒಂದು ಷರತ್ತು ಹಾಕಿದರು: ಮದುವೆಯ ಹಂದರದಲ್ಲಿ ಹುಡುಗಿಯ ತಾಯಿ ಆ ಅವತಾರದಲ್ಲಿ ಕಾಣಿಸಿಕೊಳ್ಳಬಾರದು, ಕೂದಲು ಕಪ್ಪಾಗಿರಬೇಕು. ಗೌತಮಿಯೂ ತಲೆ ತಗ್ಗಿಸಿಕೊಂಡೇ, "ನನಗಾಗಿ ಇಷ್ಟರ ಮಾಡವ್ವಾ," ಎಂದಳು. ಹುಡುಗಿಯದೇನೂ ತಪ್ಪಿಲ್ಲ, ತಾಯಿಯ ಹೆಸರು ಹೇಳಿ ಹಾಸ್ಟೆಲಿನಲ್ಲಿ ಎಷ್ಟು ಆಡಿಕೊಂಡಿದ್ದರೋ.

ದೇವರಿಗೆ ಮುಡಿ ಕೊಟ್ಟೆ ಎಂದು ಹೇಳಿ ಬೋಳಿಸಿಕೊಂಡುಬಿಡು ಎಂದೆ ನಾನು. "ಬೋಳಿಸಿದ್ರ ಚರ್ಮಾನ ಬೆಳ್ಳಗ ಕಾಣತೈತಲ್ರಿ," ಎಂದಳು. ಹಾಗಾದರೆ ಮಗಳಿಗೆ ಒಬ್ಬಳಿಗಾದರೂ ಹೇಳು ಎಂದೆ. "ಆಕಿ ಉಮೇಶನ್ನ ಜೀವಾ ಮಾಡತಾಳ್ರಿ. ಜೀವಾ ಮಾಡಿದವ್ರ ಮುಂದ ಯಾವ ಗುಟ್ಟೂ ನಿಲ್ಲೂದಿಲ್ಲ," ಎಂದಳು. ಮದುವೆಯ ಹಿಂದಿನ ದಿನ, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ, ಕಪ್ಪು ಬಣ್ಣ ಹಚ್ಚಿಕೊಂಡಳು.

ಅಕ್ಷತೆಯ ಹೊತ್ತಿಗೆ ಅವಳ ಮುಖ ಬಾತು ಎರಡೂ ಕಣ್ಣು ಮುಚ್ಚಿದ್ದವು. ಕರಿಯ, ಹೊಳೆಯುವ ಕೂದಲನ್ನು ನೀಟಾಗಿ ಬಾಚಿ ತುರುಬು ಕಟ್ಟಿದ್ದಳು. ನಾನು ರಟ್ಟೆ ಹಿಡಿದು ನಿಲ್ಲಿಸಿದ್ದೆ. ಮಂಗಳವಾದ್ಯ ಜೋರಾದಾಗ, ಸದ್ದು ಬಂದ ದಿಕ್ಕಿಗೆ ಅಕ್ಕಿಕಾಳು ಎಸೆದಳು. ಅವು ಮಗಳ ಮೇಲೆ ಬೀಳಲಿಲ್ಲ. ಸುತ್ತಲಿನ ಹೆಂಗಸರು ಮರುಗಿದರು: ಮಗಳು ಹೊಂಟಳೆಂದು ಪಾಪ ಎಷ್ಟು ಅತ್ತಿದ್ದಾಳೆ, ಕಣ್ಣೇ ಬಾತಿವೆ. ಬೀಗಿತ್ತಿಯೂ ಬಂದು, ಅವಳ ಕೈ ಹಿಡಿದು, "ಈಗ ನೋಡ್ರಿ, ತಾಯಿಹಂಗ ಕಾಣ್ತೀರಿ," ಎಂದರು. ಪಟ್ಟಿ ಹಚ್ಚಿಕೊಳ್ಳತೊಡಗಿದ ಹತ್ತು ವರ್ಷದಲ್ಲಿ ಊರು ಅವಳನ್ನು ಗೌರವಿಸಿದ್ದು ಅದೊಂದೇ ದಿನ. ಬಾತ ಮುಖದಲ್ಲಿ ತುಟಿಗಳನ್ನು ಕಷ್ಟಪಟ್ಟು ಅಗಲಿಸಿ ಗಾಳೆವ್ವ ನಕ್ಕಳು.

ಮರುದಿನ ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಮ್ಮೆ ಹಚ್ಚಿದರೆ ಗಂಟಲು ಬಾತು ಉಸಿರೇ ನಿಲ್ಲಬಹುದು ಎಂದರು. ಹೀಗಾಗಿ ತಿಂಗಳೊಪ್ಪತ್ತಿನಲ್ಲಿ ಕರಿಯ ಬಣ್ಣ ಮಾಸಿ ಬುಡದ ಬಿಳುಪು ತಲೆ ಹಾಕಿದಾಗ, ಗಾಳೆವ್ವ ಮತ್ತೆ ಕನ್ನಡಿ, ವಾಟಗ, ದಬ್ಬಣ ಹೊರತೆಗೆದಳು. ಸುದ್ದಿ ಅಬ್ಬಿಗೇರಿಗೆ ಮುಟ್ಟಿತು. ಗೌತಮಿ ಬಸುರಾದಳು, ಚೊಚ್ಚಲ ಬಾಣಂತನ ತವರಿನದಲ್ಲವೆ, ಗಾಳೆವ್ವ ಬಾಣಂತಿಯ ಕೋಣೆಗೆ ಸುಣ್ಣ ಬಳಿದು, ಹೊರಸಿಗೆ ಹೊಸ ನವಾರ ಬಿಗಿದು, ಅಂಟಿನುಂಡೆಗೆ ಕೊಬ್ಬರಿ ಹೆರೆದು ಡಬ್ಬಿ ತುಂಬಿಸಿದ್ದಳು. ಬಂದದ್ದು ಮಗಳಲ್ಲ, ಅವಳ ಫೋನು. ಸ್ಪೀಕರಿನಲ್ಲಿ ನಾನೂ ಕೇಳಿದೆ.

"ನಿನ್ನ ಶೋಕಿ ನನಗಿಂತ ಹೆಚ್ಚಾತಲ್ಲವ್ವಾ. ಬಾಣಂತನ ಇಲ್ಲೇ ಅತ್ತಿ ಮಾಡ್ತಾರ. ನೀ ಬರಬ್ಯಾಡ."

ನಾನು ಫೋನು ಕಸಿದುಕೊಳ್ಳಲು ಕೈ ಚಾಚಿದೆ. ಗಾಳೆವ್ವ ಆ ಕೈಯನ್ನು ಒತ್ತಿ ಹಿಡಿದಳು, ರೊಟ್ಟಿ ಬಡಿದು ಕಲ್ಲಾದ ಕೈ, ನೋಯುವಷ್ಟು ಬಿಗಿಯಾಗಿ. "ಆತವಾ, ಮೈ ಜ್ವಾಕಿ," ಎಂದು ಮಗಳಿಗೆ ಹೇಳಿ ಫೋನಿಟ್ಟಳು.

ಹೋದ ತಿಂಗಳು ಹೆಣ್ಣು ಮಗು ಹುಟ್ಟಿತು. ಅಂಟಿನುಂಡೆಯ ಡಬ್ಬಿ ಹಿಡಿದು ಅಬ್ಬಿಗೇರಿಗೆ ಹೋದವಳು ನಾನು. ಮರಳಿ ಬಸ್ಸಿಳಿದಾಗ ಗಾಳೆವ್ವ ಸ್ಟ್ಯಾಂಡಿನ ಕಂಬಕ್ಕೆ ಆತು ನಿಂತಿದ್ದಳು. ಮಗು ಯಾರ ಹಾಗಿದೆ, ಗೌತಮಿ ಹೇಗಿದ್ದಾಳೆ, ತನ್ನನ್ನು ನೆನೆದಳೆ, ಯಾವುದನ್ನೂ ಕೇಳಲಿಲ್ಲ.

"ತಲಿಗೂದ್ಲಾ ಎಲ್ಲಾ ಕರ್ರಗ ಅದಾವೇನ್ರಿ?"

"ಅದಾವು. ಕಿವಿ ಹಿಂದೂ ಸರಿಸಿ ನೋಡೀನಿ."

"ಆತಲ್ಲ," ಎಂದಳು.

ತಪ್ಪನ್ನು ಮುಚ್ಚಿಟ್ಟು ಮಾನವಂತರಾಗಿ ಬದುಕುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅವರಿಗೆ ವೇದಿಕೆಯ ಮೇಲೆ ಶಾಲು ಹೊದಿಸಿದ್ದೂ ಉಂಟು. ತಪ್ಪೇ ಅಲ್ಲದ ಒಂದನ್ನು ಮರೆಮಾಡಲು ಇಲ್ಲದ ತಪ್ಪನ್ನು ತಲೆಯ ಮೇಲೆ ಹೊತ್ತು ನಡೆಯುವ ಜನ ಬೇರೆ. ಅವರನ್ನು ನಾವು ಗುರುತಿಸುವುದಿಲ್ಲ. ಅವರು ಬದುಕಿರುವುದೇ ನಾವು ಗುರುತಿಸುವುದಿಲ್ಲವೆಂಬ ಭರವಸೆಯ ಮೇಲೆ. ನಾಳೆ ಭಾನುವಾರ. ಗಾಳೆವ್ವನ ಬಲಗೈ ಎಂದೋ ವಾಸಿಯಾಗಿದೆ, ಆದರೂ ಹಿಂದಿನ ಬದಿಗೆ ಹಚ್ಚುವವಳು ಈಗ ನಾನೇ.