ಡ್ರೈವರಣ್ಣನ ಮೂರನೇ ಟೆಸ್ಟು

ಡ್ರೈವರಣ್ಣನಿಗೆ ಆ ದೇಶದಲ್ಲಿ ಎಲ್ಲಕ್ಕಿಂತ ಮೊದಲು ಹಿಡಿಸಿದ್ದು ಅಲ್ಲಿಯ ಬಸ್ಸು. ಬಂದ ಮೂರನೇ ದಿನವೇ ಮನೆ ಹತ್ತಿರದ ಸ್ಟಾಪಿನಲ್ಲಿ ಹತ್ತಿದ. ಡ್ರೈವರನ ಕೈಕಾಲು ಕಾಣುವ ಸೀಟು ಹಿಡಿದು ಕೊನೇ ಸ್ಟಾಪಿನವರೆಗೂ ಹೋದ, ಅದೇ ಬಸ್ಸಿನಲ್ಲಿ ವಾಪಸ್ ಬಂದ. ದಾರಿಯಲ್ಲಿ ಒಬ್ಬಳು ಮುದುಕಿ ಊರುಗೋಲು ಹಿಡಿದು ಕಾಯುತ್ತಿದ್ದಳು. ಡ್ರೈವರು ಒಂದು ಗುಂಡಿ ಒತ್ತಿದ. ಬಸ್ಸು ಉಸ್ಸೆಂದು ಉಸಿರು ಬಿಟ್ಟು ಬಾಗಿಲ ಕಡೆಗೆ ವಾಲಿ, ಮೆಟ್ಟಿಲನ್ನು ಅವಳ ಕಾಲಬುಡಕ್ಕೇ ಇಳಿಸಿಕೊಟ್ಟಿತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದ. "ಲೇ, ಇಲ್ಲಿ ಬಸ್ಸೇ ಮಂಡಿ ಊರುತ್ತೆ ಕಣೇ! ನಮ್ಮಲ್ಲಿ ಎಷ್ಟು ಮುದುಕಿಯರನ್ನ ರಟ್ಟೆ ಹಿಡಿದು ಹತ್ತಿಸಿದೀವೋ."

"ಹತ್ತಿಸಿದ್ದು ಕಂಡಕ್ಟರು. ನೀವು ಸೀಟಿಂದ ಎದ್ದಿದ್ದನ್ನ ಯಾರೂ ನೋಡಿಲ್ಲ," ಅಂದಳು ಹೆಂಡತಿ.

"ನಿಲ್ಲಿಸಿದ್ದು ಯಾರು ಮತ್ತೆ?"

ಹೆಂಡತಿ ನರ್ಸು. ಊರಲ್ಲಿ ಎಲ್ಲರ ಬಾಯಲ್ಲೂ ಅವಳು ಸಿಸ್ಟರಮ್ಮ. ಒಮ್ಮೆ ನಾಲ್ಕು ಜನರ ಎದುರು ಇವನೂ ಬಾಯಿ ತಪ್ಪಿ ಹಾಗೇ ಕರೆದು, ಕಟ್ಟಿಕೊಂಡವಳನ್ನು ಸಿಸ್ಟರ್ ಮಾಡಿದ ಭೂಪ ಎಂದು ವರ್ಷಗಟ್ಟಲೆ ನಗೆಪಾಟಲಾಗಿದ್ದ. ಈ ದೇಶದ ಆಸ್ಪತ್ರೆಯೊಂದು ಅವಳನ್ನು ಕರೆಸಿಕೊಂಡಿತು. ಅವಳ ಜೊತೆಗೆ ಮಗಳು, ಮಗಳ ಜೊತೆಗೆ ಇವನು. ಕಾಗದದಲ್ಲಿ ಅವನ ಹೆಸರಿನ ಮುಂದೆ 'ಅವಲಂಬಿತ' ಎಂದು ಬರೆದಿತ್ತು. ಮಗಳು ಅದನ್ನು ಗಟ್ಟಿಯಾಗಿ ಓದಿ, "ಅಪ್ಪಾ, ನೀನೂ ನಾನೂ ಒಂದೇ ಕ್ಲಾಸು," ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಇಪ್ಪತ್ತನಾಲ್ಕು ವರ್ಷ ಬಸ್ಸು ಓಡಿಸಿದವನಿಗೆ ಎಲ್ಲಿ ಹೋದರೂ ಒಂದು ಸ್ಟೇರಿಂಗು ಸಿಗದೇ ಇರುತ್ತದೆಯೇ ಎಂಬ ಧೈರ್ಯ.

ಸಿಗುವ ಹಾಗೂ ಇತ್ತು. ನಡೆಯಲಾಗದ ರೋಗಿಗಳನ್ನು ಮನೆಯಿಂದ ಕರೆತಂದು ಮತ್ತೆ ಮನೆಗೆ ಬಿಡಲು ಸಿಸ್ಟರಮ್ಮನ ಆಸ್ಪತ್ರೆಯಲ್ಲಿ ಒಂದು ವ್ಯಾನಿತ್ತು. ಅದರ ಡ್ರೈವರು ಮುಂದಿನ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ವಾಹನಗಳ ಉಸ್ತುವಾರಿ ನೋಡುವ ಮನುಷ್ಯನ ಹತ್ತಿರ ಸಿಸ್ಟರಮ್ಮ ಮಾತಾಡಿದ್ದಳು. "ಅಷ್ಟು ವರ್ಷದಲ್ಲಿ ಒಂದು ಅಪಘಾತವೂ ಇಲ್ಲವೇ?" ಎಂದು ಅವನು ಎರಡು ಸಲ ಕೇಳಿದನಂತೆ. ಆಮೇಲೆ, ಅಷ್ಟರೊಳಗೆ ಇಲ್ಲಿಯ ಲೈಸೆನ್ಸು ತರಲಿ, ಜಾಗ ಅವರಿಗೇ ಇಟ್ಟಿರುತ್ತೇನೆ ಅಂದಿದ್ದ.

ಲೈಸೆನ್ಸು ಅಂದರೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದ ಡ್ರೈವರಣ್ಣ. ಮೊದಲನೇ ಸಲ ಫೇಲಾದ.

ಕಾರಣ ಕೇಳಿದರೆ ಯಾರಾದರೂ ನಗಬೇಕು. ಅವನು ಕತ್ತು ತಿರುಗಿಸಿರಲಿಲ್ಲ. ಅವನ ಕಣ್ಣು ಎಡಗನ್ನಡಿಗೆ ಹೋಗಿ, ಬಲಗನ್ನಡಿಗೆ ಬಂದು, ನಡುವಿನ ಕನ್ನಡಿ ಮುಟ್ಟಿ ರಸ್ತೆಗೆ ಮರಳುವುದಕ್ಕೆ ಒಂದು ಚಿಟಿಕೆ ಹೊತ್ತು ಸಾಕು, ಕತ್ತು ಕದಲಬೇಕಾದ್ದೇ ಇಲ್ಲ. ಪಕ್ಕದಲ್ಲಿ ಕೂತ ಅಧಿಕಾರಿಗೆ ಇದು ಕಾಣಬೇಕಲ್ಲ? ಕನ್ನಡಿಯನ್ನೇ ನೋಡುವುದಿಲ್ಲ ಎಂದು ಬರೆದುಬಿಟ್ಟ.

ಎರಡನೇ ಸಲ ಕತ್ತು ತಿರುಗಿಸಿ ತಿರುಗಿಸಿ ನೋವು ಬರಿಸಿಕೊಂಡ. ಆದರೆ ಸೈಕಲ್ಲಿನ ಹುಡುಗಿಯೊಬ್ಬಳು ಅಂಚಿನಲ್ಲಿ ಹೋಗುತ್ತಿದ್ದಳಲ್ಲ, ಬರ್ತಾ ಇದೀನಿ ತಾಯಿ ಎಂದು ತಿಳಿಸಲು ಸಣ್ಣಗೆ ಹಾರ್ನು ಮುಟ್ಟಿದ. ಅಲ್ಲಿ ಹಾರ್ನು ಅಂದರೆ ಬೈಗುಳ. ಆ ಹುಡುಗಿ ಬೆಚ್ಚಿದಳು, ಪಕ್ಕದಲ್ಲಿದ್ದ ಅಧಿಕಾರಿ ಅವಳಿಗಿಂತ ಹೆಚ್ಚು ಬೆಚ್ಚಿದ.

ಹೀಗಾಗಿ ಒಬ್ಬ ಗುರುವನ್ನು ಹಿಡಿಯಬೇಕಾಯಿತು. ನಮ್ಮ ಭಾಷೆಯವನೇ. ಡ್ರೈವಿಂಗ್ ಕಲಿಸುವುದೇ ಅವನ ಕಸುಬು. ಮಾತೆತ್ತಿದರೆ "ನಾನಿಲ್ಲಿಗೆ ಬಂದು ಹದಿನೈದು ವರ್ಷ ಆಯ್ತು" ಎನ್ನುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಹದಿನೈದು ವರ್ಷ ಎಂದೇ ಹೆಸರಾಯಿತು. ವಯಸ್ಸಿನಲ್ಲಿ ಡ್ರೈವರಣ್ಣನಿಗಿಂತ ಚಿಕ್ಕವನು.

"ಅಣ್ಣಾ, ನಿಮಗೆ ಓಡಿಸೋದು ಕಲಿಸೋಕೆ ನಾನ್ಯಾರು? ನಿಮಗೆ ನಾಟಕ ಕಲಿಸ್ಬೇಕು," ಅಂದ ಮೊದಲ ದಿನವೇ. "ಕನ್ನಡಿ ನೋಡಿದ್ರೆ ಸಾಲದು, ನೋಡಿದ್ದು ಅವರಿಗೆ ಕಾಣಬೇಕು. ಗದ್ದ ಭುಜಕ್ಕೆ ತಾಗೋ ಹಾಗೆ ತಿರುಗಿಸಿ."

"ಹೊಸದಾಗಿ ಮದುವೆಯಾದೋಳು ತವರಿನ ಕಡೆ ತಿರುಗಿ ನೋಡಿದ ಹಾಗಾ?"

"ಹಾಗೇ! ಆದ್ರೆ ಅಳಬೇಡಿ, ಅದಕ್ಕೂ ಮಾರ್ಕು ಕಡಿಮೆ ಮಾಡ್ತಾರೆ."

ಇಪ್ಪತ್ತು ದಿನ ಕಲಿತ. ಬೆಳಿಗ್ಗೆ ಮಗಳು ಸ್ಕೂಲಿಗೆ ಹೋದ ಮೇಲೆ ಊಟದ ಮೇಜಿನ ಮುಂದೆ ಕೂತು, ಊಟದ ತಟ್ಟೆಯನ್ನು ಸ್ಟೇರಿಂಗಿನಂತೆ ಹಿಡಿದು ಕತ್ತು ತಿರುಗಿಸುತ್ತಿದ್ದ. ಒಂದು ದಿನ ಮಗಳು ಮರೆತ ಪುಸ್ತಕಕ್ಕೆಂದು ವಾಪಸ್ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. "ಅಪ್ಪಾ, ತಟ್ಟೆ ಎಲ್ಲಿಗೆ ಹೊರಟಿದೆ?" ಅಂದಳು. ಅವನು ತಟ್ಟೆ ಒರೆಸಿ ಇಟ್ಟ. ಊರಲ್ಲಾಗಿದ್ದರೆ ಆ ಮಾತಿಗೆ ಅಪ್ಪ ಮಗಳು ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಮೂರನೇ ಸಲ ಫೇಲಾದರೆ ಮತ್ತೆ ಮೂರು ತಿಂಗಳು ಕಾಯಬೇಕೆಂಬ ನಿಯಮವಿತ್ತು. ವ್ಯಾನಿನ ಡ್ರೈವರು ನಿವೃತ್ತನಾಗಲು ಎಂಟು ದಿನ ಉಳಿದಿತ್ತು. ಅಂದು ಸಿಸ್ಟರಮ್ಮ ಡ್ಯೂಟಿಗೆ ಹೊರಡುವ ಮುಂಚೆ ಅವನ ಅಂಗಿಯ ಕಾಲರು ಸರಿ ಮಾಡಿದಳು. "ಗಾಬರಿ ಬೀಳ್ಬೇಡಿ. ಪಾಸಾದ್ರೆ ಆಯ್ತು, ಆಗದಿದ್ರೂ ಆಯ್ತು," ಅಂದಳು.

"ಆಗದಿದ್ರೂ ಆಯ್ತು ಅಂದ್ರೇನು?"

"ಸುಮ್ನೆ ಅಂದೆ. ಹೊರಡಿ."

ಈ ಸಲ ಪಕ್ಕದಲ್ಲಿ ಕೂತವಳು ಒಬ್ಬ ಹೆಂಗಸು. ಮಧ್ಯವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ. ಡ್ರೈವರಣ್ಣ ಗದ್ದವನ್ನು ಭುಜಕ್ಕೆ ತಾಗಿಸಿ ಹೊರಟ. ಐದು ನಿಮಿಷ ಕಳೆಯುವಷ್ಟರಲ್ಲಿ ಕೈಯ ಬಿಗಿ ಸಡಿಲವಾಯಿತು. ರಸ್ತೆ ಬೆಣ್ಣೆ ಸವರಿದ ಹಾಗಿತ್ತು. ಇಳಿಜಾರಿನಲ್ಲಿ ಗೇರು ಬದಲಿಸಿದ್ದು ಗಾಡಿಗೇ ಗೊತ್ತಾಗಲಿಲ್ಲ. ಇಕ್ಕಟ್ಟಾದ ಬೀದಿಯಲ್ಲಿ ಹಿಮ್ಮುಖವಾಗಿ ಬಂದು ಒಂದೇ ಏಟಿಗೆ ನಿಲ್ಲಿಸಿದಾಗ ಹೆಂಗಸು ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಆ ನೋಟ ಅವನಿಗೆ ಗೊತ್ತು. ಹೊಸ ಕಂಡಕ್ಟರುಗಳು ಮೊದಲ ಬಾರಿ ಅವನ ಬಸ್ಸಿನಲ್ಲಿ ಘಟ್ಟ ಇಳಿದಾಗ ಹಾಗೇ ನೋಡುತ್ತಿದ್ದರು. ಈ ದೇಶಕ್ಕೆ ಬಂದ ಏಳು ತಿಂಗಳಲ್ಲಿ ಅವನು ಅಷ್ಟು ಸುಖವಾಗಿ ಇದ್ದದ್ದು ಅದೇ ಮೊದಲು. ಎಲ್ಲಿ ಕೂತಿದ್ದೇನೆ ಎಂಬುದೂ ಮರೆತುಹೋಗಿತ್ತು. ಅವನು ಕೆಟ್ಟದ್ದು ಅಲ್ಲೇ.

ಆಫೀಸಿಗೆ ಇನ್ನು ಎರಡು ತಿರುವು ಬಾಕಿ. ರಸ್ತೆ ಪಕ್ಕ ಒಬ್ಬಳು ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಮಗು, ಕಾಲ ಬಳಿ ಎರಡು ಚೀಲ. ಅವಳು ಕೈ ಎತ್ತಿದಳು.

ಆಮೇಲೆ ನಡೆದದ್ದಕ್ಕೆ ಡ್ರೈವರಣ್ಣನ ತಲೆ ಹೊಣೆಯಲ್ಲ, ಕಾಲು ಹೊಣೆ. ಬಲಗಾಲು ಬ್ರೇಕಿಗೆ ಹೋಯಿತು, ಎಡಗಾಲು ಕ್ಲಚ್ಚಿಗೆ. ಗಾಡಿ ಅಂಚಿಗೆ ಜಾರಿ, ಒಂದು ಗೇಣೂ ಆಚೀಚೆ ಆಗದಂತೆ, ಹಿಂದಿನ ಬಾಗಿಲು ಅವಳ ಎದುರಿಗೇ ಬರುವ ಹಾಗೆ ನಿಂತಿತು. ನಿಲ್ಲಿಸಿದ್ದಷ್ಟೇ ಅಲ್ಲ, ಅವಳು ಹತ್ತಲಿ ಎಂದು ಕಾದ. ಹಿಂದಿನ ಕಾರು ಕಿರ್ರೆಂದು ಬ್ರೇಕು ಹಾಕಿತು. ಅದರ ಹಿಂದಿನದ್ದೂ ಹಾಕಿತು. ಮಗು ಹೊತ್ತವಳು ಬಗ್ಗಿ ಕಿಟಕಿಯೊಳಗೆ ನೋಡಿ, ಏನೂ ಅರ್ಥವಾಗದೆ ನಕ್ಕು, ಮತ್ತೆ ಕೈ ಎತ್ತಿ ಎದುರು ಬದಿಯಲ್ಲಿದ್ದ ಯಾರನ್ನೋ ಕರೆದಳು.

"ಯಾಕೆ ನಿಲ್ಲಿಸಿದಿರಿ?" ಪರೀಕ್ಷೆಯ ಹೆಂಗಸು ಮೆಲ್ಲಗೆ ಕೇಳಿದಳು.

ಡ್ರೈವರಣ್ಣನಿಗೆ ಆ ಭಾಷೆ ಅಷ್ಟೊಂದು ಬರದಿದ್ದರೂ ಇದಕ್ಕೆ ಉತ್ತರ ಬರುತ್ತಿತ್ತು. "ಅವರು ಕೈ ತೋರಿಸಿದರು."

"ನಿಮಗಲ್ಲ."

"ಹೌದು. ನನಗಲ್ಲ."

ಅಲ್ಲಿ ಗಾಡಿ ನಿಲ್ಲಿಸಬಾರದೆಂಬ ಕೆಂಪು ಬೋರ್ಡು ಅವನ ಮೂಗಿನ ನೇರಕ್ಕೇ ಇತ್ತು.

ಆಫೀಸಿನ ಮುಂದೆ ಅವಳು ಬಹಳ ಹೊತ್ತು ಬರೆದಳು. ಬರೆದು, ಕನ್ನಡಕ ತೆಗೆದು, "ನೀವು ತುಂಬಾ ಚೆನ್ನಾಗಿ ಓಡಿಸುತ್ತೀರಿ. ಇಷ್ಟು ಚೆನ್ನಾಗಿ ಓಡಿಸುವವರನ್ನು ನಾನು ನೋಡಿದ್ದು ಕಡಿಮೆ," ಅಂದಳು. ಒಂದು ಬೈಗುಳ ಬೈದಿದ್ದರೆ ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ಈ ಹೊಗಳಿಕೆಯನ್ನು ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ. ಅವಳು ಕೈಗೆ ಕೊಟ್ಟ ಹಾಳೆಯಲ್ಲಿ ಒಂದೇ ಒಂದು ಕಡೆ ಗುರುತಿತ್ತು. ಮಿಕ್ಕ ಕಾಗದವೆಲ್ಲ ಬೆಳ್ಳಗಿತ್ತು.

ಹೊರಗೆ ಕಾಯುತ್ತಿದ್ದ 'ಹದಿನೈದು ವರ್ಷ' ಓಡಿ ಬಂದ. ಕೇಳಿದ. ನಗುವುದೋ ಅಳುವುದೋ ತಿಳಿಯದೆ ತನ್ನ ಹಣೆ ತಾನೇ ತಟ್ಟಿಕೊಂಡ. "ಅಯ್ಯೋ ಅಣ್ಣಾ! ಕಾರಲ್ಲಿ ಟೆಸ್ಟಿಗೆ ಹೋಗಿ ಪ್ಯಾಸೆಂಜರ್ ಹತ್ತಿಸ್ಕೊಳೋಕೆ ನಿಂತ್ರಾ?"

"ಮಗು ಇತ್ತು ಕಣಪ್ಪ."

"ಮಗು ಇದ್ರೆ? ನಾನಿಲ್ಲಿಗೆ ಬಂದು ಹದಿನೈದು ವರ್ಷ..."

"ಆಯ್ತು, ಗೊತ್ತು ಬಿಡು," ಅಂದ ಡ್ರೈವರಣ್ಣ. ಅಷ್ಟು ದಿನದಲ್ಲಿ ಅವನು ದನಿ ಏರಿಸಿದ್ದು ಅದೊಂದೇ ಸಲ.

ಮನೆಯವರೆಗೆ ಬಿಡುತ್ತೇನೆ ಎಂದರೂ ಒಪ್ಪಲಿಲ್ಲ. ನಡೆದೇ ಬಂದ. ಐದರ ಹೊತ್ತಿಗೆ ಅನ್ನಕ್ಕಿಟ್ಟ. ಮಗಳು ಬಂದಳು, ಮುಖ ನೋಡಿದಳು, ಬ್ಯಾಗು ಬಿಚ್ಚಿ ಹೋಮ್‌ವರ್ಕಿಗೆ ಕೂತಳು. ಏನಾಯ್ತು ಎಂದು ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಸಿಸ್ಟರಮ್ಮ ಆರು ಗಂಟೆಗೆ ಬಂದಳು. ಕೋಟು ತೂಗುಹಾಕುತ್ತಾ ಅವನ ಕಡೆ ನೋಡಿದಳು. ಅವನು ತಲೆ ಅಲ್ಲಾಡಿಸಿದ. ನಡೆದದ್ದನ್ನು ಹೇಳಿದ, ಒಂದೂ ಮುಚ್ಚಿಡದೆ. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ರೋಗಿಯ ಪಕ್ಕ ಕೂರುವಂತೆ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಆಮೇಲೆ ಚೀಲದಿಂದ ಒಂದು ಲಕೋಟೆ ತೆಗೆದಳು.

"ರೀ, ನಮ್ಮ ಆಸ್ಪತ್ರೆ ಲಾಂಡ್ರೀಲಿ ಒಂದು ಜಾಗ ಇದೆ. ಹಾಸಿಗೆ ಬಟ್ಟೆ, ಟವೆಲ್ಲು. ಒಗೆಯೋದು ಮಿಷಿನ್ನೇ. ಮಡಚಿ ಗಾಡಿಗೆ ತುಂಬಿ ವಾರ್ಡಿಗೆ ತಳ್ಳಿಕೊಂಡು ಹೋಗೋದಷ್ಟೇ. ಸೋಮವಾರದಿಂದ ಬನ್ನಿ ಅಂದಿದಾರೆ."

ಡ್ರೈವರಣ್ಣ ಲಕೋಟೆ ತಿರುಗಿಸಿ ನೋಡಿದ. "ನಾನು ಫೇಲಾಗಿದ್ದು ಇವತ್ತು ಹನ್ನೊಂದು ಗಂಟೆಗೆ. ಇದು ಯಾವಾಗ ಬಂತು?"

ಅವನೇ ಒಳಗಿನ ಕಾಗದವನ್ನು ಅರ್ಧ ಹೊರಗೆಳೆದ. ಅದರ ಮೇಲೆ ತಾರೀಖಿತ್ತು. ಹೋದ ವಾರದ್ದು.

"ಹೋದ ವಾರಾನೇ ಒಪ್ಪಿಕೊಂಡು ಬಂದಿದೀಯ."

"ಪಾಸಾಗಿದ್ರೆ ಬೇಡ ಅಂತಿದ್ದೆ ಕಣ್ರೀ. ಅದಕ್ಕೇನಂತೆ?"

"ಮತ್ತೆ ಬೆಳಿಗ್ಗೆ ಕಾಲರು ಸರಿ ಮಾಡಿದ್ದು?"

"ಕಾಲರು ಸೊಟ್ಟ ಇತ್ತು, ಸರಿ ಮಾಡಿದೆ." ಅವಳ ದನಿಯೂ ಈಗ ಗಡುಸಾಯಿತು. "ನೋಡಿ, ಏಳು ತಿಂಗಳಿಂದ ನೀವು ಕಿಟಕಿ ಹತ್ತಿರ ಕೂತು ಹೋಗೋ ಬಸ್ಸು ಎಣಿಸೋದನ್ನ ನಾನು ನೋಡ್ತಾ ಇದೀನಿ. ಇನ್ನೂ ಮೂರು ತಿಂಗಳು ನೋಡೋಕೆ ನನ್ನ ಕೈಲಿ ಆಗಲ್ಲ. ನಿಮಗೋಸ್ಕರ ಅಲ್ಲ ಅಂತಾನೇ ಇಟ್ಕೊಳ್ಳಿ. ನನಗೋಸ್ಕರ."

ನಡುಮನೆಯ ಆ ಕಡೆ ಮಗಳ ಪೆನ್ಸಿಲ್ಲು ಓಡುವುದನ್ನು ನಿಲ್ಲಿಸಿತು. ಇಬ್ಬರೂ ದನಿ ತಗ್ಗಿಸಿದರು.

"ವ್ಯಾನು?" ಅಂದ.

"ಇನ್ನೊಬ್ಬನಿಗೆ ಕೊಡ್ತಾರೆ."

ಅವನು ಕಾಗದ ಬಿಡಿಸಿದ. ಎಲ್ಲವನ್ನೂ ಅವಳೇ ತುಂಬಿದ್ದಳು, ಚಾರ್ಟಿನಲ್ಲಿ ಔಷಧಿ ಬರೆಯುವ ದುಂಡು ಅಕ್ಷರದಲ್ಲಿ. ವಯಸ್ಸು, ವಿಳಾಸ, ಅಂಗಿಯ ಅಳತೆ, ಬೆನ್ನುನೋವು ಇದೆಯೇ, ಭಾರ ಎತ್ತಬಲ್ಲಿರಾ. ಅದರ ಕೆಳಗೆ, ಹಿಂದಿನ ಕೆಲಸದ ಅನುಭವ. ಆ ಸಾಲಿನಲ್ಲಿ 'ಇಲ್ಲ' ಎಂದು ಬರೆದಿತ್ತು.

ಅವನು ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತ.

"ಲಾಂಡ್ರಿ ಕೆಲಸದ್ದು ಕೇಳಿರೋದು ಅದು," ಅಂದಳು ಅವಳು. "ಬಸ್ಸು ಅಂತ ಬರೆದ್ರೆ, ಮತ್ತೆ ಇಲ್ಲಿಗ್ಯಾಕೆ ಬಂದ್ರಿ ಅಂತ ಕೇಳ್ತಾರೆ. ಅದಕ್ಕೆಲ್ಲ ಉತ್ತರ ಕೊಡಬೇಕಲ್ಲ?"

"ಸರಿಯಾಗೇ ಬರೆದಿದೀಯ ಬಿಡು."

"ಹಾಗನ್ನಬೇಡಿ."

"ಇಲ್ಲ, ಸರಿಯಾಗೇ ಇದೆ. ಪೆನ್ನು ಕೊಡು."

ಅವಳು ಜೇಬಿನ ಪೆನ್ನು ಕೊಟ್ಟಳು. ಅವನು ಕೆಳಗೆ ಸಹಿ ಮಾಡಿದ, ನಿಧಾನವಾಗಿ, ಡಿಪೋದ ಪುಸ್ತಕದಲ್ಲಿ ಮಾಡುತ್ತಿದ್ದ ಪೂರ್ತಿ ಸಹಿ. ಮಾಡಿ, ಕಾಗದವನ್ನು ಲಕೋಟೆಗೆ ಸೇರಿಸಿ, ಅವಳ ಚೀಲದಲ್ಲಿ ತಾನೇ ಇಟ್ಟ.

"ಎಷ್ಟು ಹೊತ್ತಿಗೆ ಹೋಗಬೇಕು?"

"ಏಳಕ್ಕೆ ಅಲ್ಲಿರಬೇಕು. ಇಬ್ಬರೂ ಒಟ್ಟಿಗೇ ಹೋಗೋಣ," ಅಂದಳು. ಅವನ ತೋಳು ಹಿಡಿಯಲು ಬಂದಳು. ಅವನು ಅನ್ನ ತಳ ಹಿಡಿಯಿತೇನೋ ಎನ್ನುತ್ತಾ ಎದ್ದು ಒಳಗೆ ಹೋದ. ಒಲೆ ಆರಿಸಿ ಆಗಲೇ ಅರ್ಧ ಗಂಟೆಯಾಗಿತ್ತು.