ಹೊಗೆಕೊಳವೆಯ ಬಾಯಿ

ದೇಶದ ಕಟ್ಟಡಗಳೆಲ್ಲ ಸೇರಿ ಉಗುಳುವ ಇಂಗಾಲವನ್ನು ಹತ್ತು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕೆಂದು ಮೇಲಿನವರು ತೀರ್ಮಾನಿಸಿದರು. ಅವರಿಗೇನು, ಹೇಳಿ ಕೈತೊಳೆದುಕೊಂಡರು. ಮನೆಮನೆಗೆ ಹೋಗಿ ಬಿರುಕು ಹುಡುಕುವ ಪಾಡು ಗಾಳಿಯಕ್ಕನಂಥವರದು.

ಗಾಳಿಯಕ್ಕ ಅನ್ನುವುದು ಜೊತೆಯವರು ಇಟ್ಟ ಹೆಸರು. ಮುಂಬಾಗಿಲಿಗೆ ದೊಡ್ಡ ಫ್ಯಾನು ಕೂರಿಸಿ ಮನೆಯ ಗಾಳಿಯನ್ನು ಹೊರಗೆಳೆದು, ಸಂದುಗೊಂದುಗಳಿಂದ ಎಷ್ಟು ಗಾಳಿ ಒಳನುಗ್ಗುತ್ತದೆಂದು ಮೀಟರಿನಲ್ಲಿ ನೋಡುವುದು ಅವಳ ಕೆಲಸ. ಸೋರಿಕೆ ಕಡಿಮೆಯಾದಷ್ಟೂ ಮನೆ ಬೆಚ್ಚಗಿಡಲು ಉರಿಸುವುದು ಕಡಿಮೆ. ಫ್ಯಾನು ಹಾಕುವ ಮುಂಚೆ, ಇರಲೇಬೇಕಾದ ತೂತುಗಳಿಗೆಲ್ಲ ಟೇಪು ಹಚ್ಚಬೇಕು: ಬಚ್ಚಲ ಮೋರಿ, ಅಡುಗೆಮನೆಯ ಹೊಗೆಕಿಂಡಿ, ಗ್ಯಾಸ್ ಗೀಸರಿನ ಕೊಳವೆ. ಮುಗಿದ ಮೇಲೆ ಅಷ್ಟನ್ನೂ ಕೀಳಬೇಕು. ಅವಳು ಬೆರಳು ಮಡಿಚಿ ಎಣಿಸಿಕೊಂಡೇ ಕೀಳುತ್ತಿದ್ದಳು.

ಮೂರನೇ ಮಹಡಿಯ ದರ್ಜಿಯ ಮನೆಯಲ್ಲಿ ಎಣಿಕೆ ತಪ್ಪಿತು. ಅಷ್ಟು ಕಡಿಮೆ ಸೋರಿಕೆಯ ಮನೆಯನ್ನು ಅವಳ ತಂಡ ಕಂಡೇ ಇರಲಿಲ್ಲ. ಎಲ್ಲರೂ ಮೀಟರಿಗೆ ಮುಗಿಬಿದ್ದರು. ತಂಡದ ಮೇಸ್ತ್ರಿ, ಅಂದರೆ ಅವಳ ಅಕ್ಕನ ಗಂಡ, ಈ ಕೆಲಸ ಕೊಡಿಸಿದ ಭಾವ, ಫೋಟೊ ಹೊಡೆದದ್ದೇ ಹೊಡೆದದ್ದು. ಆ ಸಡಗರದಲ್ಲಿ ಹಚ್ಚಿದ್ದು ಏಳು, ಕಿತ್ತಿದ್ದು ಆರು. ಬಾಲ್ಕನಿಯಲ್ಲಿ ಗೀಸರಿನ ಹೊಗೆಕೊಳವೆಯ ಬಾಯಿಗೆ ಹಚ್ಚಿದ್ದು ಹಾಗೇ ಉಳಿಯಿತು. ಗೀಸರಿನ ವಿಷಗಾಳಿ ಬಚ್ಚಲಲ್ಲೇ ತುಂಬಿತು; ಸಂಜೆ ಸ್ನಾನಕ್ಕೆ ಹೋದ ದರ್ಜಿ ಜೀವಂತ ಹೊರಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಟೇಪು ಕಿತ್ತು ಜೇಬಿಗಿಳಿಸಿದವನು ಭಾವ. ಗೀಸರು ಹಳೆಯದು ಎಂದು ವರದಿ ಬರೆದವನೂ ಅವನೇ. ವ್ಯಾನಿನಲ್ಲಿ ಅವಳೊಬ್ಬಳಿಗೇ ಹೇಳಿದ.

"ಬಾಯಿ ಬಿಟ್ರೆ ನಿನ್ನ ಕೆಲಸ ಹೋಗೋದಷ್ಟೇ ಅಲ್ಲ, ನಂಗೆ ಜೈಲು. ನಿಮ್ಮಕ್ಕನ ಮುಖ ನೋಡಿ ಆದ್ರೂ ಸುಮ್ನಿರು."

ಅವಳು ಹೂಂ ಅಂದಳು. ಎದೆ ಹಿಂಡೀತು, ಅಳು ಬಂದೀತು ಎಂದು ಕಾದಳು. ಏನೂ ಆಗಲಿಲ್ಲ. ಮನೆಗೆ ಹೋಗಿ ಉಂಡಳು, ಮಲಗಿದಳು, ಹಾಳು ನಿದ್ದೆಯೂ ಬಂತು. ಮುಂದಿನ ವಾರ ಐದು ಮನೆ ಪರೀಕ್ಷೆ ಮಾಡಿದಳು. ಟೇಪು ಹಚ್ಚುವ ಕೈ ತನ್ನದೇ ಎಂದು ಅನ್ನಿಸುತ್ತಿರಲಿಲ್ಲ, ಅಷ್ಟೇ.

ಎಂಟನೇ ದಿನ ಆಫೀಸಿನವರು ಒಂದು ಪ್ರಮಾಣಪತ್ರ ಕೊಟ್ಟು, ಮನೆಯವರ ಸಹಿ ಹಾಕಿಸಿಕೊಂಡು ಬಾ ಎಂದರು. ದರ್ಜಿಯ ಮನೆಯದು. ಅತ್ಯುತ್ತಮ ದರ್ಜೆ. ಕೊಟ್ಟವರಿಗೆ ಮೈಮೇಲೆ ಎಚ್ಚರವಿತ್ತೋ ಇಲ್ಲವೋ, ದೇವರೇ ಬಲ್ಲ.

ದರ್ಜಿಯ ಹೆಂಡತಿ ಶಾಲು ಹೊದ್ದು ಬಾಗಿಲು ತೆರೆದಳು. ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಹೊಲಿಗೆ ಯಂತ್ರದ ಮೇಲಿನ ಅರ್ಧ ಹೊಲಿದ ತೋಳು ಗಾಳಿಗೆ ಅಲ್ಲಾಡುತ್ತಿತ್ತು. ಓದದೆಯೇ ಸಹಿ ಹಾಕಿ ಪೆನ್ನು ವಾಪಸು ಕೊಟ್ಟಳು. ಗಾಳಿಯಕ್ಕ ಹೊರಡಬಹುದಿತ್ತು. ಹೊರಡಲು ತಿರುಗಿಯೂ ಇದ್ದಳು.

"ನಿಮ್ ಮೇಸ್ತ್ರಿ ಮಾರನೇ ಬೆಳಿಗ್ಗೆ ಬಂದು ಕೇಳಿದ್ರು, ಬಚ್ಚಲ ಕಿಟಕಿ ಮುಚ್ಚಿತ್ತಾ ಅಂತ," ಎಂದಳು ಆ ಹೆಂಗಸು. "ಹೂಂ, ನಾನೇ ಮುಚ್ಚಿದ್ದು ಅಂದೆ. ಅವ್ರು ತಲೆ ಆಡಿಸ್ಬಿಟ್ಟು ಹೋದ್ರು."

ಬೆಚ್ಚಗಿರುತ್ತೆ, ಕಿಟಕಿ ಮುಚ್ಚಿಡಿ ಎಂದು ಪರೀಕ್ಷೆಯ ದಿನ ಹೇಳಿ ಹೋದವಳು ಗಾಳಿಯಕ್ಕನೇ. ಭಾವ ತಲೆ ಆಡಿಸಿದ್ದು ಹೇಗಿದ್ದೀತೆಂದು ಅವಳಿಗೆ ಚೆನ್ನಾಗಿ ಗೊತ್ತು. ಅಕ್ಕನ ಮುಖ ನೆನಪಿಗೆ ಬಂತು. ಬಂದರೂ ಬಾಯಿ ತಾನಾಗಿ ತೆರೆಯಿತು. ದನಿ ಮೀಟರಿನ ಅಂಕಿ ಓದಿದಂತಿತ್ತು.

"ಕಿಟಕಿಯಿಂದ ಅಲ್ಲಕ್ಕ. ಹೊಗೆಕೊಳವೆಗೆ ಟೇಪು ಹಚ್ಚಿದ್ದೆ. ಕೀಳೋದು ಮರ್ತೆ. ಮೇಸ್ತ್ರಿ, ನಮ್ ಭಾವ, ಬೆಳಿಗ್ಗೆ ಬಂದು ಕಿತ್ಕೊಂಡು ಹೋದ್ರು."

ಆ ಹೆಂಗಸು ಹತ್ತಿರ ಬಂದಳು. ಹೊಡೆದರೆ ಹೊಡೆಯಲಿ ಎಂದು ಗಾಳಿಯಕ್ಕ ನಿಂತೇ ಇದ್ದಳು.

"ಹಂಗಾದ್ರೆ ನಾನಲ್ಲ."

"ನೀವಲ್ಲ."

ಅವಳು ಹೊಡೆಯಲಿಲ್ಲ, ಶಪಿಸಲೂ ಇಲ್ಲ. ಗೋಡೆ ಬದಿಯ ಕುರ್ಚಿ ಎಳೆದು ಗಾಳಿಯಕ್ಕನ ಮುಂದಿಟ್ಟಳು.

"ಕೂತ್ಕೊಳ್ಳಿ. ಮಗಳು ಸ್ಕೂಲಿಂದ ಬರ್ತಾಳೆ. ಕಿಟಕಿ ಮುಚ್ಚಿದ್ದು ನಾನು ಅಂತ ಎಂಟು ದಿನದಿಂದ ನನ್ ಹತ್ರ ಮಾತಾಡಿಲ್ಲ. ಅವಳಿಗೂ ಹೇಳ್ಬಿಟ್ಟು ಹೋಗಿ."

ಗಾಳಿಯಕ್ಕ ಕೂತಳು.