ಕ್ಲೆಮ್‌ನ ಕವಲು

ಬೆಳಿಗ್ಗೆಯಿಂದ ಬಡಗಣ ಗಾಳಿ. ಸೇಬಿನ ತೋಟದಾಚೆಯ ಗುಡ್ಡ ಹೊಗೆಯಲ್ಲಿ ಕಾಣುತ್ತಿರಲಿಲ್ಲ. ಹೋಬಾರ್ಟಿನ ರಸ್ತೆ ಮುಚ್ಚಿದ್ದರಿಂದ ಮೊಮ್ಮಗಳು ಮೆರಿಲ್ ನನ್ನ ಅಡುಗೆಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಳು. ಕೂತಿದ್ದಳು ಅನ್ನುವುದೂ ತಪ್ಪು. ಏಳುತ್ತಿದ್ದಳು, ಕಿಟಕಿ ನೋಡುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಕಾಡ್ಗಿಚ್ಚು ಬಂದರೆ ಕಣಿವೆಯವರ ಫೋನಿಗೆ ಎಚ್ಚರಿಕೆ ಕಳಿಸುವುದು ಅವಳ ಕಚೇರಿಯ ಕೆಲಸ. ಅವತ್ತು ಹೊಳೆಯಾಚೆಯವರಿಗೆ ಅದು ತಡವಾಗಿ ಮುಟ್ಟುತ್ತಿತ್ತು. ಅವಳ ಜೊತೆ ಕೆಲಸದವನಾದ ಕ್ಲೆಮ್ ಬೆಂಕಿ ನಂದಿಸುವ ಲಾರಿಯೊಂದಿಗೆ ಆ ದಡದಲ್ಲೇ ಇದ್ದ. ಬೇಸಿಗೆಯಲ್ಲಿ ಅವನು ಸ್ವಯಂಸೇವಕ. ಗಾಳಿ ಮಧ್ಯಾಹ್ನ ತಿರುಗುತ್ತದೆ ಎಂದಿದ್ದರು.

ಪ್ರೋಗ್ರಾಮಿನಲ್ಲಿದ್ದ ತಪ್ಪನ್ನು ಮೆರಿಲ್ ಆಗಲೇ ಸರಿಮಾಡಿದ್ದಳು. ಆ ತಿದ್ದುಪಡಿಯನ್ನು ಕಳಿಸಲು ಆಗುತ್ತಿರಲಿಲ್ಲ.

ಅವರಲ್ಲಿ ಪ್ರತಿಯೊಬ್ಬರೂ ಮೂಲ ಪ್ರೋಗ್ರಾಮಿನಿಂದ ಒಂದು ಕವಲು, ಅಂದರೆ ತಮ್ಮದೇ ಒಂದು ಪ್ರತಿ, ಒಡೆಸಿ, ಹೆಸರಿಟ್ಟು, ಕೆಲಸ ಮುಗಿದ ಮೇಲೆ ಮೂಲಕ್ಕೆ ಸೇರಿಸುತ್ತಾರೆ. ಕಟ್ಟಳೆಗೆ ಒಪ್ಪದ ಹೆಸರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವ ಕಾವಲನ್ನು ಹೋದ ವಾರ ಕೂರಿಸಿದವಳು ಮೆರಿಲ್. ಹೆಸರು ‘ಬೆಂಕಿ’ ಎಂದು ಶುರುವಾಗಿ, ಓರೆಗೆರೆ (/) ದಾಟಿ, ಮುಂದೆ ಕೆಲಸ ಯಾವುದೆಂದು ಹೇಳಿದರೆ ಮಾತ್ರ ಆ ಕವಲು ಯಾರ ಒಪ್ಪಿಗೆಗೂ ಕಾಯದೆ ಹೊರಗೆ ಹೋಗುತ್ತದೆ.

“ಏನ್ ಮಗಾ ಅಡ್ಡಿ?” ಎಂದೆ, ಟೀ ಇಡುತ್ತ.

“ಕ್ಲೆಮ್ ಹಳೇ ಕವಲಿಗೆ ಬರೀ ‘ಬೆಂಕಿ’ ಅಂತ ಹೆಸರಿಟ್ಟಿದಾನೆ ಅಜ್ಜ. ಬೀದಿ ಇರ್ಬೇಕಾದ ಜಾಗದಲ್ಲಿ ಮನೆ ಕಟ್ಟಿದಂಗೆ. ಅದಿರೋ ತನಕ ಅಲ್ಲಿ ನನ್ನ ಮನೆ ಏಳಲ್ಲ, ‘ಬೆಂಕಿ’ಯಿಂದ ಶುರುವಾಗೋ ಹೆಸರು ನನ್ನ ಕವಲಿಗೆ ಸಿಗಲ್ಲ. ಬಾಗಿಲಿಗೆ ಬರೋರನ್ನ ಮಾತ್ರ ತಡೆಯೋ ಹಂಗೆ ಮಾಡಿದ್ದೆ. ಮೊದ್ಲೇ ಒಳಗೆ ಕೂತಿರೋರನ್ನ ನೋಡ್ಲೇ ಇಲ್ಲ.”

ಅವಳ ಮೇಲಧಿಕಾರಿ ಲೋರ್ನಾ ಫೋನಿನಲ್ಲಿ ಕೂಗಿದಳು: “ಅಳಿಸಿ ಹಾಕೇ ಅದನ್ನ!”

“ಚಳಿಗಾಲದಿಂದ ಅವ್ನು ಮಾಡಿದ್ದೆಲ್ಲ ಅದ್ರಲ್ಲಿದೆ. ಅಳಿಸೋದಿರ್ಲಿ, ಕೇಳ್ದೆ ಜರುಗಿಸೋ ಹಂಗೂ ಇಲ್ಲ. ಹಿಂದೆ ಹಂಗೆ ಮಾಡೋಕೋಗಿ ಒಬ್ರ ಕೆಲ್ಸ ಪೂರ್ತಿ ಕಳ್ದೋಗ್ಲಿಲ್ವಾ?”

“ಹಂಗಾದ್ರೆ ಕೇಳು ಅವ್ನನ್ನ!”

ಕ್ಲೆಮ್ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಮಾಡಿದಳು.

“‘ಸುಂಕದಕಟ್ಟೆ ಅಕ್ಕಾ, ಏನ್ ಕೊಟ್ರೆ ಗೇಟ್ ತೆಗೀತೀಯ’ ಅಂತ ಕಾವ್ಲು ಕೂರ್ಸಿದಾಗ ಆಡ್ಕೊಂಡ ನನ್ನ. ಈಗೆಲ್ಲಿ ಬಿದ್ದಿದಾನೋ,” ಎಂದು ಗೊಣಗಿದಳು.

ಗಾಳಿ ಒಮ್ಮೆಲೇ ನಿಂತಿತು. ತಿರುಗುವ ಮುಂಚೆ ಅದು ಹಾಗೆ ನಿಲ್ಲುತ್ತದೆ. ನಮ್ಮ ಹಳೆಯ ಪ್ಯಾಕಿಂಗ್ ಶೆಡ್ಡು ಸುಟ್ಟ ದಿನವೂ ಹಾಗೇ ನಿಂತಿತ್ತು. ಅವಳಿಗೂ ಗೊತ್ತಾಗಿತ್ತು, ಫೋನ್ ಕೆಳಗಿಟ್ಟಳು.

“ಬೈದ್ರೆ ಬೈಸ್ಕೋತೀನಿ.”

ಕ್ಲೆಮ್‌ನ ಕವಲನ್ನು ಇದ್ದ ಹಾಗೇ ಅವನ ಹೆಸರಿನಲ್ಲಿ ಬೇರೆ ಕಡೆ ಇಟ್ಟಳು. ಎಲ್ಲ ಬಂದಿದೆಯೇ ಎಂದು ನೋಡಿದಳು. ನೋಡಿದ್ದನ್ನೇ ಮತ್ತೆ ನೋಡಿ, ಹಳೆಯ ಹೆಸರನ್ನು ಅಳಿಸಿದಳು. ಅವಳ ಕೆಲಸ ಬಾಗಿಲು ದಾಟಿತು. ಆಮೇಲೆ ಮಾಡಲು ಏನೂ ಇರಲಿಲ್ಲ, ಅದೇ ಕಷ್ಟವಾಯಿತು.

ಕೊನೆಗೆ ಫೋನ್ ಬಂತು. ಕ್ಲೆಮ್ ಕೆಮ್ಮುತ್ತಿದ್ದ.

“ಗಾಳಿ ತಿರುಗುತ್ತೆ ಅಂತ ಮೆಸೇಜ್ ಬಂತು ಕಣೇ. ಲಾರಿ ಹಿಂದಕ್ಕೆ ತಂದ್ವಿ. ನಾವ್ ನಿಂತಿದ್ ಜಾಗ ಈಗ ಉರೀತಿದೆ.”

“ಕ್ಲೆಮ್, ನಿನ್ನ ಕವಲು ಕೇಳ್ದೆ ಜರುಗಿಸ್ದೆ.”

“ನನ್ ಬೆಂಕಿನಾ? ಇರು, ಇದು ಮುಗೀಲಿ, ಮಾಡ್ತೀನಿ ನಿಂಗೆ!”

ಲೈನು ಕಡಿಯಿತು. ಮೆರಿಲ್ ಟೀ ಮುಟ್ಟಲಿಲ್ಲ. ಮೊದಲೇ ಒಳಗಿದ್ದ ಹೆಸರುಗಳನ್ನು ಒಂದೊಂದಾಗಿ ಕಾವಲಿನ ಮುಂದೆ ನಿಲ್ಲಿಸತೊಡಗಿದಳು. ಪಡುವಣ ಗಾಳಿ ಏಳುತ್ತಿತ್ತು. ನಾನು ಬಕೆಟ್ಟುಗಳಿಗೆ ನೀರು ತುಂಬಲು ಹೊರಗೆ ಹೋದೆ.